ಪಾಯಿಂಟ್ಸ್ ಗಾರು

ಅವರು ತೀರಿಕೊಂಡ ಮಾರನೆಯ ದಿನ ವಿಜಯವಾಡದ ಒಂದು ಸೂಪರ್ ಮಾರ್ಕೆಟ್ಟಿನವರು ಅವರಿಗೆ ಅಭಿನಂದನೆ ಹೇಳಿ ಮೆಸೇಜು ಕಳಿಸಿದರು. ನೀವು ಇವತ್ತಿನಿಂದ ನಮ್ಮ ಪ್ಲಾಟಿನಂ ಗ್ರಾಹಕರು, ಇನ್ನು ಮುಂದೆ ನೂರು ರೂಪಾಯಿ ಸಾಮಾನಿಗೆ ಒಂದರ ಬದಲು ಎರಡು ಪಾಯಿಂಟು, ಬೇಳೆಗೂ ಎಣ್ಣೆಗೂ ಮೂರು ಎಂದು ಅದರಲ್ಲಿತ್ತು. ಆ ದರ್ಜೆಗಾಗಿ ಅವರು ಎಷ್ಟು ಒದ್ದಾಡಿದ್ದರೆಂದು ಬಲ್ಲ ನಾನು ಅದನ್ನು ಓದಿ ನಕ್ಕುಬಿಟ್ಟೆ. ಆಮೇಲೆ ಅಳು ಬಂತು. ಮೆಸೇಜು ಬಂದದ್ದು ನನ್ನ ಫೋನಿಗೆ. ಅವರ ಪಾಯಿಂಟುಗಳ ವರದಿ ನನ್ನ ಫೋನಿಗೆ ಯಾಕೆ ಬರುತ್ತದೆ ಎಂದು ಹೇಳಬೇಕಾದರೆ ಅವರು ಎಂಥವರಾಗಿದ್ದರು ಎಂಬುದನ್ನೇ ಹೇಳಬೇಕು.

ನಾನು ಮೈಸೂರಿನ ಕಡೆಯವಳು. ಬ್ಯಾಂಕಿನವರು ನನ್ನನ್ನು ಎತ್ತಿ ವಿಶಾಖಪಟ್ಟಣಕ್ಕೆ ಹಾಕಿದಾಗ ತೆಲುಗಿನಲ್ಲಿ ನೀರು ಕೇಳುವುದಕ್ಕೂ ಬರುತ್ತಿರಲಿಲ್ಲ. ಶಾಖೆಯಲ್ಲಿ ಒಬ್ಬರು ಕನ್ನಡದವರಿದ್ದಾರೆ, ಸಾಲ ವಿಭಾಗದ ಹಿರಿಯ ಅಧಿಕಾರಿ, ಗದಗದ ಕಡೆಯವರು ಎಂದು ಯಾರೋ ಹೇಳಿದ್ದರಿಂದ ಜೀವ ಬಂದ ಹಾಗಾಗಿತ್ತು. ಪರಊರಿನಲ್ಲಿ ಕನ್ನಡದವರು ಸಿಕ್ಕರೆ ಮೊದಲು ಯಾವ ಊರು, ಯಾರ ಪೈಕಿ ಎಂದು ವಿಚಾರಿಸುವುದು ವಾಡಿಕೆ. ಇವರು ಕನ್ನಡಕವನ್ನು ಹಣೆಗೇರಿಸಿಕೊಂಡು, "ಮನ್ಯಾಗ ಎಷ್ಟ ಮಂದಿ ಅದೀರಿ? ತಿಂಗಳಿಗೆ ಎಣ್ಣಿ ಎಷ್ಟ ಬೇಕಾಗ್ತೈತಿ?" ಎಂದರು. ನಾನು, ಯಜಮಾನರು, ಮಗ, ಅತ್ತೆ ಎಂದು ಹೇಳಿದೆ. ಎಣ್ಣೆಯ ಲೆಕ್ಕ ಗೊತ್ತಿರಲಿಲ್ಲ. "ಗೊತ್ತಿಲ್ಲಂದ್ರ ಹೆಂಗ್ರಿ ಮೇಡಂ, ನಾಳೆ ಕೇಳ್ಕೊಂಡ ಬರ್ರಿ," ಎಂದು ಹೋಂವರ್ಕು ಕೊಟ್ಟು ಕಳಿಸಿದರು.

ಆ ಭಾನುವಾರ ಊರು ತೋರಿಸುತ್ತೇನೆಂದು ನಮ್ಮನ್ನೆಲ್ಲ ತಮ್ಮ ಹಳೇ ಕಾರಿನಲ್ಲಿ ತುಂಬಿಕೊಂಡು ಹೊರಟರು. ಸಮುದ್ರ ನೋಡಬಹುದೆಂದು ನಮ್ಮ ಅತ್ತೆ ಒಳ್ಳೆಯ ಸೀರೆ ಉಟ್ಟಿದ್ದರು. ಅವರು ತೋರಿಸಿದ್ದು ಮೂರು ಸೂಪರ್ ಮಾರ್ಕೆಟ್ಟುಗಳನ್ನು. ಸಮುದ್ರ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಕಾರಿನ ಕಿಟಕಿಯಲ್ಲಿ ಸ್ವಲ್ಪ ಹೊತ್ತು ಕಾಣಿಸಿತು. ಮೊದಲನೆಯ ಅಂಗಡಿಯಲ್ಲಿ ಪಾಯಿಂಟು ಬೇಗ ಕೂಡುತ್ತದೆ, ಆದರೆ ಮಾರ್ಚ್ ಕೊನೆಗೆ ಸಾಯುತ್ತದೆ. ಎರಡನೆಯದರಲ್ಲಿ ಸಾಯುವುದಿಲ್ಲ, ಆದರೆ ಅದನ್ನು ಕೊಟ್ಟು ಕೊಳ್ಳಬಹುದಾದ ಸಾಮಾನು ಯಾರ ಮನೆಗೂ ಬೇಡದ್ದು. ಮೂರನೆಯದರಲ್ಲಿ ಬುಧವಾರ ಪಾಯಿಂಟು ಎರಡರಷ್ಟು, ಆದರೆ ಬುಧವಾರ ತೊಗರಿಬೇಳೆಯ ಬೆಲೆಯೂ ಸದ್ದಿಲ್ಲದೆ ಮೇಲೇರಿರುತ್ತದೆ. ಇಷ್ಟನ್ನೂ ಅವರು ಕಾರು ನಡೆಸುತ್ತಲೇ ವಿವರಿಸಿದರು. ಮನೆಗೆ ಬಂದ ಮೇಲೆ ನಮ್ಮ ಅತ್ತೆ, "ಪಾಪ, ಒಳ್ಳೆಯ ಮನುಷ್ಯ. ತಲೆ ಮಾತ್ರ ಸ್ವಲ್ಪ," ಎಂದು ನಿಲ್ಲಿಸಿದರು.

ತಲೆ ಸ್ವಲ್ಪವೇನೂ ಆಗಿರಲಿಲ್ಲ. ಸಾಲದ ಅರ್ಜಿಗಳನ್ನು ನೋಡುವ ಕಣ್ಣಿನಲ್ಲೇ ಅವರು ಪಾಯಿಂಟುಗಳನ್ನೂ ನೋಡುತ್ತಿದ್ದರು. "ಪಾಯಿಂಟ್ ಅಂದ್ರ ಏನ್ರಿ ಮೇಡಂ? ಅಂಗಡ್ಯಾಂವ ನಮ್ಮ ಕಡೆ ತಗೊಂಡ ಸಾಲ," ಎನ್ನುತ್ತಿದ್ದರು. "ನಾವು ಸಾಲ ಕೊಡೂ ಮುಂದ ಅವಧಿ ನೋಡ್ತೀವಿ, ಬಡ್ಡಿ ನೋಡ್ತೀವಿ, ಪಾರ್ಟಿ ಊರ ಬಿಟ್ಟ ಓಡ್ತಾನೇನು ಅಂತ ನೋಡ್ತೀವಿ. ಇದಕ್ಕೂ ಅಷ್ಟ." ಅಷ್ಟು ದೂರದ ಅಂಗಡಿಗೆ ಹೋಗಿ ಬರುವ ಪೆಟ್ರೋಲು ಯಾವ ಲೆಕ್ಕಕ್ಕೆ ಎಂದು ನಾನು ಕೇಳಿದೆ. "ಪೆಟ್ರೋಲ್ ಬ್ಯಾಂಕ್ ಕೊಡ್ತೈತ್ರಿ. ಅದನ್ನ ಇದ್ರಾಗ ಕಲಸಬ್ಯಾಡ್ರಿ," ಎಂದರು.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದರೆ ಅವರ ಸುತ್ತ ಒಂದು ದರ್ಬಾರೇ ನೆರೆಯುತ್ತಿತ್ತು. ಮಗನ ನಾಮಕರಣಕ್ಕೆ ಸಾಮಾನು ಎಲ್ಲಿ ತರಲಿ, ಈ ತಿಂಗಳು ತುಪ್ಪ ಎಲ್ಲಿ ಕೊಂಡರೆ ಲಾಭ ಎಂದು ಕ್ಯಾಷಿಯರಿನಿಂದ ಹಿಡಿದು ಮ್ಯಾನೇಜರ್ ತನಕ ಕೇಳುವವರೇ. ಬೆನ್ನ ಹಿಂದೆ ಅವರಿಗೆ ಪಾಯಿಂಟ್ಸ್ ಗಾರು ಎಂದು ಹೆಸರಿಟ್ಟಿದ್ದರು. ತೆಲುಗಿನವರು ಗೇಲಿ ಮಾಡುವಾಗಲೂ ಹೆಸರಿನ ಹಿಂದೆ ಒಂದು ಗಾರು ಸೇರಿಸಿ ಮರ್ಯಾದೆ ಉಳಿಸಿಕೊಳ್ಳುತ್ತಾರೆ. ಹೆಸರು ಅವರ ಕಿವಿಗೂ ಬಿದ್ದಿತ್ತು. ಬೇಸರವೇನೂ ಇರಲಿಲ್ಲ. ಒಮ್ಮೆ ಫೋನಿನಲ್ಲಿ ಯಾರಿಗೋ ತಮ್ಮ ಗುರುತು ಸಿಗದೆ ಹೋದಾಗ ತಾವೇ, "ನೇನಂಡಿ, ಪಾಯಿಂಟ್ಸ್ ಗಾರು," ಎಂದದ್ದನ್ನು ನಾನು ಕೇಳಿದ್ದೇನೆ.

ಅವರ ಹೆಂಡತಿ ವಿಜಯವಾಡದ ತೆಲುಗಿನವರು. ಗಂಡನಿಂದ ಕಲಿತ ಗದಗದ ಕನ್ನಡಕ್ಕೆ ರೀ, ಅಲ್ವಾಗಳ ಬದಲು ತಮ್ಮ ತೆಲುಗಿನ ಅಂಡಿ, ಕದಾಗಳನ್ನು ಪೋಣಿಸಿ ಚಂದವಾಗಿ ಮಾತಾಡುತ್ತಿದ್ದರು. "ನಮ್ಮ ಮನ್ಯಾಗ ಇವತ್ತೇನು ಅಡಗಿ ಅಂತ ನಾ ಹೇಳಂಗಿಲ್ಲಂಡಿ. ಪಾಯಿಂಟ್ಸ್ ಹೇಳ್ತಾವ," ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ಆ ನಗುವಿನಲ್ಲಿ ಸ್ವಲ್ಪ ಖಾರವೂ ಇರುತ್ತಿತ್ತು. ಒಂದು ಸಂಕ್ರಾಂತಿಗೆ ನಾವು ಎಳ್ಳು ಬೆಲ್ಲ ಕೊಡಲು ಹೋದಾಗ ಆಕೆ ಹೊಳೆಯುವ ಡಬ್ಬಿಯೊಂದನ್ನು ತಂದು ನಮ್ಮ ಮುಂದಿಟ್ಟರು. ಮೇಲೆ ಅನಕಾಪಲ್ಲಿಯ ಶುದ್ಧ ಬೆಲ್ಲ ಎಂದು ಬರೆದಿತ್ತು. ವರ್ಷವಿಡೀ ಕೂಡಿಟ್ಟ ಪಾಯಿಂಟು ಕೊಟ್ಟು ಸಾಹೇಬರು ತಂದದ್ದಂತೆ.

"ಹೋದ ವಾರ ಅನಕಾಪಲ್ಲಿಗೇ ಹೋಗಿದ್ರಂಡಿ ಇವರು, ಬೆಲ್ಲದ ಮಂಡಿ ಗೋದಾಮು ತಪಾಸಣೆಗೆ," ಎಂದರು ಆಕೆ. "ಆ ಸಾಹುಕಾರು ಒಂದು ಅಚ್ಚು ಬೆಲ್ಲ ಕಾರಿನ್ಯಾಗ ಇಟ್ಟಿದ್ದ. ಇಳಿಸಿ ಬಂದಾರ. ಬಂದು ಅದೇ ಬೆಲ್ಲ ಇಲ್ಲಿ ಪಾಯಿಂಟ್ಸ್ ಕೊಟ್ಟು ತಂದಾರ."

ಅವರು ಪೇಪರಿನಿಂದ ತಲೆಯೆತ್ತದೆ, "ಅದು ಲಂಚಾ. ಇದು ಹಕ್ಕು," ಎಂದರು. ಸಾಲಗಾರರಿಂದ ಒಂದು ಲೋಟ ಕಬ್ಬಿನ ಹಾಲನ್ನೂ ಕುಡಿಯದ ಮನುಷ್ಯ ಸೂಪರ್ ಮಾರ್ಕೆಟ್ಟಿನವನಿಂದ ಒಂದು ಪಾಯಿಂಟನ್ನೂ ಬಿಡುತ್ತಿರಲಿಲ್ಲ. ಎರಡೂ ಒಂದೇ ಬುದ್ಧಿಯಿಂದ ಹುಟ್ಟಿದ್ದು ಎಂದು ನನಗೆ ಆಗ ಅನ್ನಿಸಿತ್ತು.

ಅವರಿಗೆ ಒಬ್ಬಳೇ ಮಗಳು, ಬುಜ್ಜಿ. ನಾನು ನೋಡಿದಾಗ ಎತ್ತರಕ್ಕೆ ಬೆಳೆದು ನಿಂತ ಹುಡುಗಿ. ಬುದ್ಧಿ ಮಾತ್ರ ಮೈಯ ಜೊತೆ ಬೆಳೆದಿರಲಿಲ್ಲ. ಮನೆಯಲ್ಲಿ ನಾಲ್ಕು ಮಾತಾಡುತ್ತಿದ್ದಳು. ಹೊರಗಿನವರು ಏನಾದರೂ ಕೇಳಿದರೆ ಗೋಡೆಯ ಕಡೆ ತಿರುಗಿಬಿಡುತ್ತಿದ್ದಳು. ಅವಳಿಗೆ ನಡೆಯುವುದೆಂದರೆ ಬಲು ಇಷ್ಟ. ಬೀದಿಯಲ್ಲಿ ಏನಾದರೂ ಕಣ್ಣಿಗೆ ಚಂದ ಕಂಡರೆ, ಬ್ಯಾಂಡು ಸೆಟ್ಟಾಗಲಿ, ಬಣ್ಣದ ಲಾರಿಯಾಗಲಿ, ಅದರ ಹಿಂದೆಯೇ ಹೊರಟುಬಿಡುತ್ತಿದ್ದಳು. ಒಂದು ಸಲ ಬೀಚ್ ರಸ್ತೆಯಲ್ಲಿ ಕೈತಪ್ಪಿ ಹೋದಳು. ಇಡೀ ಮಧ್ಯಾಹ್ನ ಹುಡುಕಿದ ಮೇಲೆ ಪೊಲೀಸ್ ಔಟ್‌ಪೋಸ್ಟಿನಲ್ಲಿ ಸಿಕ್ಕಳು. ಪೊಲೀಸರು ಹೆಸರು ಕೇಳಿದ್ದಕ್ಕೆ ಬುಜ್ಜಿ ಎಂದಿದ್ದಳಂತೆ. ಆಂಧ್ರದಲ್ಲಿ ಅರ್ಧಕ್ಕರ್ಧ ಮನೆಯ ಮಕ್ಕಳು ಬುಜ್ಜಿಗಳೇ. ಕೊರಳಿಗೆ ಗುರುತಿನ ಕಾರ್ಡು ಹಾಕಿದರೆ ಕಿತ್ತು ಬಿಸಾಕುತ್ತಿದ್ದಳು. ಅಂಗೈಯಲ್ಲಿ ಬರೆದರೆ ಸೋಪು ಹಚ್ಚಿ ತೊಳೆಯುತ್ತಿದ್ದಳು. ಅಪ್ಪನ ಫೋನ್ ನಂಬರನ್ನು ಬಾಯಿಪಾಠ ಮಾಡಿಸಿದರು. ಮನೆಯಲ್ಲಿ ಗಿಣಿಯ ಹಾಗೆ ಹೇಳುತ್ತಿದ್ದಳು, ಬೇರೆಯವರು ಕೇಳಿದರೆ ಬಾಯಿಗೆ ಬೀಗ. ಮಗಳು ಮತ್ತೆ ಕಳೆದುಹೋಗುತ್ತಾಳೆ ಎಂಬುದರಲ್ಲಿ ಆ ಗಂಡ ಹೆಂಡತಿಗೆ ಅನುಮಾನವೇ ಇರಲಿಲ್ಲ. ಮತ್ತೆ ಸಿಗುತ್ತಾಳೆಯೇ ಎಂಬುದೊಂದೇ ಅವರ ಹೆದರಿಕೆಯಾಗಿತ್ತು.

ಒಂದು ದಿನ ಬೆಳಿಗ್ಗೆ ಅವರು ನನ್ನ ಟೇಬಲ್ಲಿಗೆ ಬಂದು ಕುರ್ಚಿಯಲ್ಲಿ ಕೂತರು. ಕಣ್ಣು ಕೆಂಪಾಗಿತ್ತು. ಏನೋ ಆಗಿದೆ ಎಂದುಕೊಂಡು ಪೆನ್ನು ಕೆಳಗಿಟ್ಟೆ.

"ಮೇಡಂ, ಅಕಿ ಹೇಳಿದ್ಲ್ರಿ," ಎಂದರು.

ಹಿಂದಿನ ಸಂಜೆ ಬುಜ್ಜಿಯನ್ನೂ ಕರೆದುಕೊಂಡು ಸಾಮಾನಿಗೆ ಹೋಗಿದ್ದರಂತೆ. ಬಿಲ್ ಕೌಂಟರಿನ ಹುಡುಗಿ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಫೋನ್ ನಂಬರ್ ಚೆಪ್ಪಂಡಿ," ಎಂದಳು. ಇವರು ಬಾಯಿ ತೆರೆಯುವ ಮೊದಲೇ ಹಿಂದೆ ನಿಂತಿದ್ದ ಬುಜ್ಜಿ ಹತ್ತೂ ಅಂಕಿಗಳನ್ನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ಕೌಂಟರಿನವಳಿಗೆ ಏನೂ ಅನ್ನಿಸಲಿಲ್ಲ. ನಂಬರು ಒತ್ತಿದಳು, ಇವರ ಹೆಸರು ಬಂತು, ಪಾಯಿಂಟು ಕೂಡಿತು. ಇವರು ಚೀಲ ಎತ್ತಿಕೊಳ್ಳುವುದನ್ನೂ ಮರೆತು ನಿಂತರಂತೆ. ಅಲ್ಲೇ ಯಾಕೆ ಹೇಳಿದಳು ಎಂಬುದಕ್ಕೆ ಅವರ ಹೆಂಡತಿ ಆಮೇಲೆ ಒಂದು ಕಾರಣ ಹೇಳಿದರು. ಉಳಿದವರೆಲ್ಲ ಬುಜ್ಜಿಯನ್ನು ಏನಾದರೂ ಕೇಳುವಾಗ ಬಗ್ಗಿ ಅವಳ ಮುಖ ನೋಡುತ್ತಾರೆ, ದನಿ ಎತ್ತರಿಸಿ ಬಿಡಿಸಿ ಬಿಡಿಸಿ ಕೇಳುತ್ತಾರೆ. ಕೌಂಟರಿನವರು ಮಾತ್ರ ಅವಳನ್ನು ನೋಡುವುದೇ ಇಲ್ಲ. ಅವರಿಗೆ ಎಲ್ಲರೂ ಒಂದೇ, ಎಲ್ಲರಿಗೂ ಅದೇ ಪ್ರಶ್ನೆ. ಇದು ನಿಜವೇ ಇರಬೇಕು.

ಅಲ್ಲಿಂದಾಚೆಗೆ ಸಾಹೇಬರ ಪಾಯಿಂಟಿನ ಹುಚ್ಚು ಎಲ್ಲೆ ಮೀರಿತು ಎಂದು ಶಾಖೆಯವರೆಲ್ಲ ತೀರ್ಮಾನಿಸಿದರು. ಮೂರಿದ್ದ ಅಂಗಡಿಗಳು ಊರಿನ ಅಷ್ಟೂ ಅಂಗಡಿಗಳಾದವು. ಉಪ್ಪಿಗೊಂದು ಬಿಲ್ಲು, ಸಾಬೂನಿಗೊಂದು ಬಿಲ್ಲು, ಬೇರೆ ಬೇರೆ ಕೌಂಟರಿನಲ್ಲಿ. ಪ್ರತಿ ಕೌಂಟರಿನಲ್ಲೂ ಅವರು ಬೇಕೆಂದೇ ಪರ್ಸು ಹುಡುಕುತ್ತ ತಡಮಾಡುವರು, ಬುಜ್ಜಿ ಮುಂದೆ ಬಂದು ನಂಬರು ಹೇಳುವಳು. ಸಾಲಿನಲ್ಲಿ ಹಿಂದಿದ್ದವರು ಗೊಣಗುತ್ತಿದ್ದರು. ನಮ್ಮ ಕ್ಯಾಷಿಯರು ಒಮ್ಮೆ ಅವರನ್ನು ಅಂಗಡಿಯಲ್ಲಿ ಕಂಡು ಬಂದು, ಬಿಲ್ಲು ಒಡೆದರೆ ಪಾಯಿಂಟು ಜಾಸ್ತಿಯೇ ಎಂದು ಕೇಳಿದ. "ಹೌದಪಾ, ಜಾಸ್ತಿ," ಎಂದು ಗಂಭೀರವಾಗಿ ಹೇಳಿದರು. ಅವನು ನಂಬಿ ಒಂದು ತಿಂಗಳು ಹಾಗೇ ಮಾಡಿ ನಷ್ಟ ಮಾಡಿಕೊಂಡ. ನೂರು ರೂಪಾಯಿಗೆ ಕಡಿಮೆ ಬಿಲ್ಲಿಗೆ ಪಾಯಿಂಟೇ ಇಲ್ಲ ಎಂಬುದು ಅವರೇ ನನಗೆ ಕಲಿಸಿದ ಮೊದಲ ಪಾಠ. ಮಗಳಿಗಾಗಿ ಪಾಯಿಂಟು ಕಳೆದುಕೊಳ್ಳುತ್ತಿದ್ದಾರೆ ಎಂದು ನನ್ನ ಮನಸ್ಸು ಕರಗಿತು. ಆದರೆ ಅವರು ಅಷ್ಟು ಸುಲಭಕ್ಕೆ ನಮ್ಮ ಮನಸ್ಸು ಕರಗಿಸುವವರಲ್ಲ. ಕೆಲವು ದಿನಗಳಲ್ಲೇ ನೂರು ರೂಪಾಯಿಗೆ ತುಸು ಮೇಲಿರುವ ಸಾಮಾನುಗಳನ್ನೇ ಹುಡುಕಿ ಗುರುತಿಟ್ಟುಕೊಂಡರು. ಬುಜ್ಜಿಗೆ ಪಾಠವೂ ಆಯಿತು, ಪಾಯಿಂಟೂ ಉಳಿಯಿತು. ನೂರರ ಮೇಲೆ ತುಸುವೇ ಬೆಲೆಯಿದ್ದ ಸಾಸಿವೆ ಎಣ್ಣೆಯ ಬಾಟಲಿಗಳು ಅವರ ಮನೆಯಲ್ಲಿ ರಾಶಿ ಬಿದ್ದದ್ದು ಇದಕ್ಕೇ. ಆ ಮನೆಯಲ್ಲಿ ಸಾಸಿವೆ ಎಣ್ಣೆ ಯಾರೂ ತಿನ್ನುತ್ತಿರಲಿಲ್ಲ.

ಆ ನಂಬರು ಕೆಲಸಕ್ಕೆ ಬಂದದ್ದು ಊರಾಚೆಯ ದುವ್ವಾಡ ರೈಲ್ವೆ ಸ್ಟೇಷನ್ನಿನಲ್ಲಿ. ವಿಜಯವಾಡಕ್ಕೆ ಹೋಗಲು ಮೂವರೂ ಅಲ್ಲಿ ರೈಲು ಕಾಯುತ್ತಿದ್ದಾಗ ಬುಜ್ಜಿ ಮಾಯವಾದಳು. ಅವರು ಹುಚ್ಚರ ಹಾಗೆ ಒಂದು ಪ್ಲಾಟ್‌ಫಾರ್ಮಿನಿಂದ ಇನ್ನೊಂದಕ್ಕೆ ಓಡುತ್ತಿದ್ದಾಗ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಟೀ ಮಾರುವವನೊಬ್ಬ, ಇಲ್ಲಿ ಒಬ್ಬಳು ಹುಡುಗಿ ಕೂತಿದ್ದಾಳೆ, ಈ ನಂಬರು ಹೇಳುತ್ತಿದ್ದಾಳೆ ಎಂದ. ಅದನ್ನು ನನಗೆ ಹೇಳುವಾಗ ಅವರು ಪಾಯಿಂಟಿನ ಮಾತನ್ನೇ ಎತ್ತಲಿಲ್ಲ. "ಆ ಕೌಂಟರಿನ ಹುಡುಗ್ಯಾರಿಗೆ ಒಂದೊಂದು ಸೀರಿ ಕೊಡಸಬೇಕ್ರಿ," ಎಂದರು. ಕೊಡಿಸಿದರೋ ಇಲ್ಲವೋ ಗೊತ್ತಿಲ್ಲ. ಕೊಡಿಸಿದ್ದರೆ ಪಾಯಿಂಟು ಬರುವ ಅಂಗಡಿಯಲ್ಲೇ ಕೊಂಡಿರುತ್ತಾರೆ.

ಮುಂದೆ ಅವರು ವಿಜಯವಾಡಕ್ಕೆ ವರ್ಗವಾಗಿ ಆಟೋನಗರದ ಹತ್ತಿರದ ಶಾಖೆಗೆ ಮ್ಯಾನೇಜರಾದರು. ಹೆಂಡತಿಯ ಊರು, ಅಲ್ಲೇ ಒಂದು ಫ್ಲ್ಯಾಟು ಕೊಂಡು ನೆಲೆ ನಿಂತರು. ಹೊಸ ಊರು ಎಂದರೆ ಹೊಸ ಅಂಗಡಿಗಳು, ಮತ್ತೆ ಮೊದಲಿಂದ ಹೋಲಿಕೆ. ಕೆಲವು ವರ್ಷಗಳ ಮೇಲೆ ನಾನೂ ಅಲ್ಲಿನ ಪ್ರಾದೇಶಿಕ ಕಚೇರಿಗೆ ಬಂದೆ. ನಿವೃತ್ತರಾಗುವವರಿಂದ ಬ್ಯಾಂಕಿನ ಸ್ವತ್ತನ್ನು ವಾಪಸು ಪಡೆಯುವುದು ನನ್ನ ಸೆಕ್ಷನ್ನಿನ ಕೆಲಸಗಳಲ್ಲೊಂದು. ಗುರುತಿನ ಕಾರ್ಡು, ಡ್ರಾಯರಿನ ಕೀಲಿ, ಮೊಬೈಲ್ ಸಿಮ್ಮು.

ಸಿಮ್ಮಿನ ಕಥೆ ಹೀಗೆ. ನಾವಿನ್ನೂ ವಿಶಾಖಪಟ್ಟಣದಲ್ಲಿದ್ದಾಗ ಬ್ಯಾಂಕು ಎಲ್ಲ ಅಧಿಕಾರಿಗಳಿಗೂ ಒಂದೊಂದು ಸಿಮ್ಮು ಕೊಟ್ಟಿತ್ತು. ಎಲ್ಲಿಗೆ ವರ್ಗವಾದರೂ ಅದು ನಮ್ಮ ಜೊತೆಯೇ ಬರುತ್ತದೆ, ಬಿಲ್ಲು ಬ್ಯಾಂಕಿನದು. ನಾವೆಲ್ಲ ಸ್ವಂತದ್ದೊಂದು, ಬ್ಯಾಂಕಿನದೊಂದು ಎಂದು ಎರಡು ಇಟ್ಟುಕೊಂಡೆವು. ಇವರು ಮಾತ್ರ ಪುಕ್ಕಟೆ ಒಂದು ಇರುವಾಗ ಇನ್ನೊಂದಕ್ಕೆ ರೀಚಾರ್ಜ್ ಯಾಕೆಂದು ತಮ್ಮ ಹಳೆಯ ನಂಬರನ್ನು ಬಿಟ್ಟುಕೊಟ್ಟರು. ಪಾಯಿಂಟು ಕೂಡುತ್ತಿದ್ದ ನಂಬರು ಬ್ಯಾಂಕಿನದು. ಬುಜ್ಜಿ ಕಲಿತದ್ದೂ ಅದನ್ನೇ. ನಿವೃತ್ತಿಯ ದಿನ ಅದನ್ನು ಬ್ಯಾಂಕಿಗೆ ಒಪ್ಪಿಸಬೇಕು, ಬ್ಯಾಂಕು ಅದನ್ನು ಇನ್ನೊಬ್ಬ ಅಧಿಕಾರಿಗೆ ಕೊಡುತ್ತದೆ. ಅವರು ಮೊದಲೇ ಅರ್ಜಿ ಹಾಕಿದ್ದರು, ನಂಬರನ್ನು ತಮ್ಮ ಸ್ವಂತ ಹೆಸರಿಗೆ ಮಾಡಿಕೊಡಬೇಕು, ಖರ್ಚು ತಾವೇ ಕೊಡುತ್ತೇವೆ ಎಂದು. ಅಂಥ ಪದ್ಧತಿ ಇಲ್ಲ ಎಂದು ಮೇಲಿನಿಂದ ಉತ್ತರ ಬಂದಿತ್ತು.

ಕೊನೆಯ ದಿನ ಶಾಖೆಯವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದ ಮೇಲೆ ಅವರು ನನ್ನ ಟೇಬಲ್ಲಿಗೆ ಬಂದರು. ಕಾರ್ಡು ಕೊಟ್ಟರು. ಕೀಲಿ ಕೊಟ್ಟರು. ಫೋನನ್ನು ಕೈಯಲ್ಲಿ ಹಿಡಿದು ಕೂತರು.

"ಇದನ್ನ ಕೊಡಲೇಬೇಕೇನ್ರಿ ಮೇಡಂ?"

"ರೂಲ್ಸು ಸರ್. ಎಲ್ಲರೂ ಕೊಡ್ತಾರೆ."

"ಎಲ್ಲಾ ಅಂಗಡಿದೂ ಪಾಯಿಂಟ್ ಯಾವಾಗ ಸಾಯ್ತಾವ ಅಂತ ನನಗ ಬಾಯಿಪಾಠ ಇತ್ತು. ಈ ನಂಬರ್ ಸಾಯ್ತೈತಿ ಅಂತ ತಲಿಗೆ ಹೊಳಿಲೇ ಇಲ್ಲ ನೋಡ್ರಿ."

"ಹೊಸ ನಂಬರ್ ಕಲಿಸೋಕಾಗಲ್ವಾ ಸರ್?"

"ಕಲಸಾಕತ್ತೇನ್ರಿ. ಕೌಂಟರಿನ್ಯಾಗ ನಾ ಹೊಸಾದು ಹೇಳಿದ್ರ ಅಕಿಗೆ ಸಿಟ್ಟು ಬರ್ತೈತಿ. ಅಪ್ಪ ಸುಳ್ಳ ಹೇಳ್ತಾನ ಅಂತ ಎಲ್ಲಾರ ಮುಂದ ಹಳೇದನ್ನ ಒದರ್ತಾಳ."

"ಪಾಯಿಂಟ್ಸೂ ಅದರಲ್ಲೇ ಇವೆ ಅಲ್ವಾ," ಎಂದೆ.

"ಪಾಯಿಂಟ್ ಹಾಳಾಗ್ ಹೋಗ್ಲಿ ಬಿಡ್ರಿ," ಎಂದರು.

ಅವರ ಬಾಯಿಂದ ಆ ಮಾತು ಕೇಳಿ ನನಗೆ ಭಯವಾಯಿತು. ಬುಜ್ಜಿ ಮುಂದೊಮ್ಮೆ ಎಲ್ಲೋ ಕಳೆದುಹೋಗುತ್ತಾಳೆ. ಯಾರೋ ಪುಣ್ಯಾತ್ಮರು ನಂಬರು ಕೇಳುತ್ತಾರೆ, ಅವಳು ಹೇಳುತ್ತಾಳೆ. ಫೋನು ಎತ್ತಿದ ಅಧಿಕಾರಿ ಯಾವುದೋ ಮೀಟಿಂಗಿನಲ್ಲಿ ಕೂತು, ರಾಂಗ್ ನಂಬರ್ ಎಂದು ಇಟ್ಟುಬಿಡುತ್ತಾನೆ. ಅಷ್ಟಕ್ಕೇ ಮುಗಿಯಿತು. ಯಾರ ತಪ್ಪೂ ಇಲ್ಲ, ರೂಲ್ಸಿನ ಪ್ರಕಾರ ಎಲ್ಲ ಸರಿಯಾಗಿದೆ.

ಬ್ಯಾಂಕಿನಲ್ಲಿ ಬೇಕೆಂದು ಕೇಳಿಕೊಂಡರೆ ಆಗದ ಕೆಲಸ, ಅದಲು ಬದಲು ಎಂದು ಬರೆದರೆ ಕೆಲವೊಮ್ಮೆ ಆಗಿಬಿಡುತ್ತದೆ. ನನ್ನ ಸಿಮ್ಮನ್ನು ಒಪ್ಪಿಸಿ ಅವರದನ್ನು ನನ್ನ ಹೆಸರಿಗೆ ಹಾಕಿಸಿಕೊಳ್ಳುತ್ತೇನೆಂದು ಒಂದು ಸಾಲು ಬರೆದು ಮೇಲಿನವರ ಮುಂದಿಟ್ಟೆ. ಅವರು ಕಾರಣ ಕೇಳಿದರು, ನಾನು ಇದ್ದದ್ದನ್ನು ಹೇಳಿದೆ. ಅವರು ಅರ್ಧ ಕೇಳಿ ಸಹಿ ಮಾಡಿದರು. ವಾಪಸು ಬಂದು ಹೇಳಿದಾಗ ಸಾಹೇಬರು ಸಿಮ್ಮನ್ನು ತೆಗೆದು ನನ್ನ ಕೈಗಿಟ್ಟರು. ಹಣ್ಣಿನ ಬುಟ್ಟಿಯನ್ನು ನನ್ನ ಟೇಬಲ್ಲಿನ ಮೇಲೆ ಬಿಟ್ಟು ಹೋದರು. ಮರುದಿನ ಬೆಳಿಗ್ಗೆ ಹೊಸ ನಂಬರಿನಿಂದ ಫೋನು ಮಾಡಿ, "ಮೇಡಂ, ನೀವೂ ನಿಮ್ಮ ಮನಿ ಸಾಮಾನಿಗೆ ಇದ ನಂಬರ್ ಹೇಳ್ರಿ. ಎರಡೂ ಮನಿದು ಕೂಡಿಸಿ ಪ್ಲಾಟಿನಂ ಹೊಡಿಯೂಣು," ಎಂದರು. ಸದ್ಯ, ಮನುಷ್ಯ ಸರಿಹೋದರು ಎಂದು ನನಗೆ ಸಮಾಧಾನವಾಯಿತು.

ಆ ಸಿಮ್ಮಿನ ಜೊತೆಗಿನ ಸಂಸಾರ ಸುಲಭದ್ದೇನಲ್ಲ. ಅವರ ಹಳೆಯ ಸಾಲಗಾರರೆಲ್ಲ ನನಗೆ ಫೋನು ಮಾಡಿ ಸಾಹೇಬರು ಎಲ್ಲಿ ಎನ್ನುತ್ತಿದ್ದರು. ಊರಿನ ಅಷ್ಟೂ ಅಂಗಡಿಗಳು ಬೆಳಗಾದರೆ ಬೇಳೆ ಬೆಲ್ಲದ ಸುದ್ದಿ ಕಳಿಸುತ್ತಿದ್ದವು. ಅವರು ಪಾಯಿಂಟು ಖರ್ಚು ಮಾಡಬೇಕೆಂದರೆ ಓಟಿಪಿ ನನ್ನ ಫೋನಿಗೇ ಬರಬೇಕು. ಓಟಿಪಿ ಯಾರಿಗೂ ಹೇಳಬೇಡಿ, ನಮ್ಮ ಬ್ಯಾಂಕಿನವರು ಕೇಳಿದರೂ ಹೇಳಬೇಡಿ ಎಂದು ಜನ್ಮವಿಡೀ ಗ್ರಾಹಕರಿಗೆ ಬುದ್ಧಿ ಹೇಳಿದ ನಾವಿಬ್ಬರು ಬ್ಯಾಂಕಿನವರು, ಒಬ್ಬರು ಕೌಂಟರಿನ ಮುಂದೆ ನಿಂತು ಕೇಳುತ್ತ, ಇನ್ನೊಬ್ಬರು ಕಚೇರಿಯ ಕಾರಿಡಾರಿನಲ್ಲಿ ನಿಂತು ಪಿಸುದನಿಯಲ್ಲಿ ಹೇಳುತ್ತ ಇರುತ್ತಿದ್ದೆವು. ನಮ್ಮ ಯಜಮಾನರು ಒಂದು ದಿನ ಅದನ್ನು ಕೇಳಿಸಿಕೊಂಡು, "ಕೆಲಸ ಹೋಗುತ್ತೆ ಕಣೇ ನಿಂದು," ಎಂದರು. ನಮ್ಮ ಮನೆಯ ಖರೀದಿಯಿಂದ ಕೂಡಿದ ಪಾಯಿಂಟಿನ ಪಾಲನ್ನು ಅವರು ಚುಕ್ತಾ ಲೆಕ್ಕ ಹಾಕಿ ಸಾಮಾನಿನ ರೂಪದಲ್ಲಿ ತಂದುಕೊಡುತ್ತಿದ್ದರು. ಬೇಡವೆಂದರೆ ಕೇಳುತ್ತಿರಲಿಲ್ಲ. ನಮ್ಮ ಮನೆಯಲ್ಲೂ ಸಾಸಿವೆ ಎಣ್ಣೆ ಸೇರಿಕೊಂಡಿತು.

ಆಮೇಲೆ ನನಗೆ ಮತ್ತೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಸಿಮ್ಮೂ ಜೊತೆಗೆ ಬಂತು. ಒಂದು ಬೆಳಿಗ್ಗೆ ಅವರು ಕಾಫಿ ಕುಡಿದು ಎದ್ದವರು ಹಾಗೇ ಕುಸಿದರಂತೆ, ಎದೆಯ ನೋವು ಎಂದು ಹೇಳುವುದಕ್ಕೂ ಆಗಲಿಲ್ಲ. ನಾನು ರೈಲು ಹತ್ತಿ ಹೋಗಿ ಬಂದೆ. ಅವರ ಹೆಂಡತಿ ನನ್ನ ಕೈ ಹಿಡಿದು ಕೇಳಿದ್ದು ಒಂದೇ ಮಾತು. "ಆ ನಂಬರ್ ನಿಮ್ಮ ಹತ್ರಾನ ಇರ್ತೈತಿ ಕದಾ ಮೇಡಂ?"

"ಇರುತ್ತಮ್ಮಾ," ಎಂದೆ. ನನ್ನ ನಿವೃತ್ತಿ ಎಂದು, ಆಮೇಲೆ ಏನು ಎಂಬುದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು.

ತಿಂಗಳು ಕಳೆಯುವ ಮೊದಲೇ ಪಾಯಿಂಟಿನ ಮೆಸೇಜುಗಳು ಮತ್ತೆ ಬರತೊಡಗಿದವು. ಫೋನು ಮಾಡಿ ಕೇಳಿದೆ. "ಅವರಿದ್ದಾಗ ಆ ಅಂಗಡಿಗಳು ಕಂಡ್ರ ನನಗ ಮೈಯೆಲ್ಲ ಉರೀತಿತ್ತಂಡಿ," ಎಂದರು ಆಕೆ. "ನಮ್ಮ ಬೀದಿ ಕಿರಾಣಿ ಅಂಗಡಿ ಚೆಲೋ ಇತ್ತು. ಈಗ ನಾನ ಅಕಿನ್ನ ಕರ್ಕೊಂಡ ಹೋಗ್ತೇನಿ. ಉಪ್ಪಿಗೊಂದು ಬಿಲ್, ಸಾಬೂನಿಗೊಂದು ಬಿಲ್." ನೂರರ ಮೇಲಿನ ಸಾಮಾನೇ ತಗೊಳ್ಳಿ, ಇಲ್ಲವಾದರೆ ಪಾಯಿಂಟು ಬರುವುದಿಲ್ಲ ಎಂದು ನಾನು ಹೇಳಿದೆ. ಹೇಳಿದ ಮೇಲೆ ಇಬ್ಬರಿಗೂ ನಗು ಬಂತು.

ಹೋದ ತಿಂಗಳು ಒಂದು ಮಧ್ಯಾಹ್ನ ನಾನು ಪರಿಶೀಲನಾ ಸಭೆಯಲ್ಲಿದ್ದೆ. ದೊಡ್ಡ ಸಾಹೇಬರು ವಸೂಲಾಗದ ಸಾಲಗಳ ಬಗ್ಗೆ ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳುತ್ತಿದ್ದರು. ನನ್ನ ಸರದಿ ಬಂದು, ಎದ್ದು ನಿಂತೆ. ಆಗ ಫೋನು ಅದುರಿತು, ಗೊತ್ತಿಲ್ಲದ ನಂಬರು. ಅಂಥ ಸಭೆಯಲ್ಲಿ ಫೋನು ಎತ್ತುವ ಹಾಗಿಲ್ಲ. ಕ್ಷಮಿಸಿ ಸರ್ ಎಂದು ಹೇಳಿ ಬಾಗಿಲು ತೆಗೆದುಕೊಂಡು ಹೊರಗೆ ಬಂದೆ.

ಆ ಕಡೆ ಸುತ್ತಿಗೆಯ ಸದ್ದು, ವೆಲ್ಡಿಂಗಿನ ಸದ್ದು. ಅದರ ನಡುವೆ ಒಬ್ಬ ಗಂಡಸು ಕೂಗಿ ಹೇಳುತ್ತಿದ್ದ. "ಅಮ್ಮಾ, ಇಕ್ಕಡ ಒಕ ಅಮ್ಮಾಯಿ ಉಂದಂಡಿ. ಈ ನಂಬರ್ ಚೆಪ್ತೋಂದಿ." ಇಲ್ಲೊಬ್ಬಳು ಹುಡುಗಿ ಇದ್ದಾಳೆ, ಈ ನಂಬರು ಹೇಳುತ್ತಿದ್ದಾಳೆ ಎಂದು. ಆಟೋನಗರದಲ್ಲಿ ಲಾರಿಗೆ ಬಾಡಿ ಕಟ್ಟುವ ಶೆಡ್ಡಿನವನಂತೆ. ಹೊಸದಾಗಿ ಬಣ್ಣ ಹೊಡೆದ ಲಾರಿಯೊಂದರ ಹಿಂದೆ ನಡೆದುಬಂದ ಹುಡುಗಿ ಕ್ಯಾಬಿನ್ನು ಹತ್ತಿ ಕೂತಿದ್ದಾಳೆ, ಇಳಿಯುವುದಿಲ್ಲ. ಊರು ಕೇಳಿದರೂ ಇಲ್ಲ, ಅಪ್ಪನ ಹೆಸರು ಕೇಳಿದರೂ ಇಲ್ಲ. ಕೊನೆಗೆ ಅವನು ತನ್ನ ಫೋನು ತೆಗೆದು ಅದರ ಮೇಲೇ ಕಣ್ಣಿಟ್ಟು, ನಂಬರ್ ಚೆಪ್ಪಮ್ಮಾ ಎಂದನಂತೆ. ಒಂದೇ ಉಸಿರಿಗೆ ಹೇಳಿದಳಂತೆ.

ನನ್ನ ಸ್ವಂತ ಫೋನಿನಿಂದ ಅವಳ ಅಮ್ಮನಿಗೆ ಮಾಡಿದೆ. ಆಕೆ ಬೀದಿ ಬೀದಿ ಹುಡುಕುತ್ತಿದ್ದವರು ಶೆಡ್ಡಿನ ಗುರುತು ಕೇಳಿಕೊಂಡು ಸಿಕ್ಕ ಆಟೋ ಹತ್ತಿದರು. ಅಮ್ಮ ಬರುವವರೆಗೆ ಹುಡುಗಿ ಇಳಿದು ಎಲ್ಲಿಗೂ ಹೋಗದ ಹಾಗೆ ನೋಡಿಕೊಳ್ಳಪ್ಪ ಎಂದು ಅವನಿಗೆ ಹೇಳಿ, ಫೋನನ್ನು ಅವಳ ಕಿವಿಗೆ ಹಿಡಿಯಲು ಕೇಳಿಕೊಂಡೆ. ಬುಜ್ಜಿ ನನ್ನ ಜೊತೆ ಅದುವರೆಗೆ ಒಂದು ಮಾತೂ ಆಡಿದವಳಲ್ಲ. ಉಸಿರು ಮಾತ್ರ ಕೇಳಿಸುತ್ತಿತ್ತು. ನಾನು ಆಂಟಿ ಎಂದೆ, ಹೆದರಬೇಡ ಎಂದೆ. ಬಹಳ ಹೊತ್ತಿನ ಮೇಲೆ ಅವಳು ಕೇಳಿದಳು.

"ನಂಬರ್ ಬರೋಬರಿ ಐತಿ?"

ಅಪ್ಪನ ಮಾತು, ಅಪ್ಪನ ದನಿ ಎಳೆಯುವ ರೀತಿ. ಅವಳಿಗೆ ಬರುವ ಕನ್ನಡವೆಲ್ಲ ಅವರದೇ ಅಲ್ಲವೇ.

"ಬರೋಬರಿ ಐತವಾ," ಎಂದೆ. "ಅಲ್ಲೇ ಕುಂದರು. ಅವ್ವ ಬರಾಕತ್ತಾಳ."

ನನ್ನ ಮೈಸೂರಿನ ನಾಲಿಗೆಗೆ ಆ ಮಾತು ಹೇಗೆ ಬಂತೋ ತಿಳಿಯದು. ಬುಜ್ಜಿಗೆ ಅಷ್ಟು ಸಾಲಲಿಲ್ಲವೆಂದು ಕಾಣುತ್ತದೆ. ಮತ್ತೊಮ್ಮೆ ಮೊದಲಿಂದ ನಂಬರು ಹೇಳತೊಡಗಿದಳು. ಒಳಗೆ ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ನಾನು ಕಾರಿಡಾರಿನಲ್ಲಿ ನಿಂತು ಹತ್ತೂ ಅಂಕಿಗಳನ್ನು ಕೇಳಿಸಿಕೊಂಡೆ.